ಬಾಗಲಗುಂಟೆ: ಒಂದು ಸಣ್ಣ ಊರಿನ ಭೂಗೋಳ ಮತ್ತು ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುವು ಅರಸರು, ರಾಜಧಾನಿಗಳು, ಯುದ್ಧಗಳು, ಕೋಟೆಗಳು. ಭೂಗೋಳವೆಂದೊಡನೆ ನೆನಪಾಗುವುವು ಹಿಮಾಲಯ, ಗಂಗೆ, ಖಂಡಗಳು, ಸಾಗರಗಳು. ನೂರಿನ್ನೂರು ಮನೆಗಳ ಒಂದು ಸಣ್ಣ ಊರಿಗೂ ತನ್ನದೇ ಆದ ಭೂಗೋಳವುಂಟು, ಚರಿತ್ರೆಯುಂಟು ಎಂಬ ಮಾತು ನಮ್ಮ ಪಾಠಪುಸ್ತಕಗಳಲ್ಲಿ ಸಿಕ್ಕುವುದು ಅಪೂರ್ವ. ಅರಸನ ಬೊಕ್ಕಸವನ್ನು ತುಂಬಿದ್ದು ಇಂಥ ಊರುಗಳ ಕಂದಾಯ. ಅವನ ಸೈನ್ಯವನ್ನು ಸಾಕಿದ್ದು ಇವುಗಳ ರಾಗಿ ಮತ್ತು ಬತ್ತ. ಆದುದರಿಂದ ಈ ಹೊತ್ತು ನಾನು ಯಾವ ರಾಜಧಾನಿಯ ವಿಷಯವನ್ನೂ ಹೇಳದೆ, ಬೆಂಗಳೂರಿನ ವಾಯವ್ಯದ ಅಂಚಿನಲ್ಲಿರುವ ಬಾಗಲಗುಂಟೆಯೆಂಬ ಒಂದು ಊರಿನ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಸಣ್ಣ ಊರುಗಳನ್ನು ಕುರಿತು ಬರೆಯುವುದು ವ್ಯರ್ಥವೆಂದು ಭಾವಿಸುವವರಿಗೆ ಸ್ಕಾಟ್ಲೆಂಡಿನ ಒಂದು ಉದಾಹರಣೆಯನ್ನು ಕೊಡುತ್ತೇನೆ. 1790ರಲ್ಲಿ ಸರ್ ಜಾನ್ ಸಿಂಕ್ಲೇರ್ ಎಂಬ ಮಹನೀಯನು ಆ ದೇಶದ ಪ್ರತಿಯೊಂದು ಪ್ಯಾರಿಷ್‌ನ, ಎಂದರೆ ಒಂದೊಂದು ಇಗರ್ಜಿಗೆ ಸೇರಿದ ಗ್ರಾಮಸೀಮೆಯ, ಪಾದ್ರಿಗೂ ಒಂದು ಪ್ರಶ್ನಾವಳಿಯನ್ನು ಕಳುಹಿಸಿದನು. ಅದರಲ್ಲಿ ನೂರ ಅರುವತ್ತು ಪ್ರಶ್ನೆಗಳಿದ್ದುವು. ನಿಮ್ಮ ಊರಿನ ಮಣ್ಣು ಎಂಥದು? ಹೊಳೆ ಯಾವ ಕಡೆಗೆ ಹರಿಯುತ್ತದೆ? ಜನಸಂಖ್ಯೆ ಏರಿತೇ ಇಳಿಯಿತೇ? ಕೂಲಿಯೆಷ್ಟು? ಶಾಲೆಯಲ್ಲಿ ಮಕ್ಕಳೆಷ್ಟು? ಉತ್ತರಗಳು ಬಂದು ಸೇರುವುದಕ್ಕೆ ವರ್ಷಗಳೇ ಹಿಡಿದುವು; 1791ರಿಂದ 1799ರವರೆಗೆ ಅವು ಇಪ್ಪತ್ತೊಂದು ಸಂಪುಟಗಳಾಗಿ ಅಚ್ಚಾದುವು. ಒಂಬೈನೂರಕ್ಕೂ ಹೆಚ್ಚು ಗ್ರಾಮಸೀಮೆಗಳ ನೆಲ, ನೀರು, ಕಸುಬು, ಬಡತನ ಎಲ್ಲವೂ ಅವುಗಳಲ್ಲಿ ದಾಖಲಾಗಿವೆ. ಆ ದೇಶದ ಹಳ್ಳಿಗಾಡಿನಲ್ಲಿ ಹಳೆಯ ಬಾಳು ಕದಲುತ್ತಿದ್ದ ಹೊತ್ತು ಅದು. ಗ್ಲಾಸ್ಗೋ ಮೊದಲಾದ ಪಟ್ಟಣಗಳು ಜನರನ್ನು ಸೆಳೆದುಕೊಳ್ಳುತ್ತಿದ್ದುವು. ಇನ್ನೊಂದು ತಲೆಮಾರು ತಡಮಾಡಿದ್ದರೆ ಆ ಪ್ರಶ್ನೆಗಳಲ್ಲಿ ಎಷ್ಟಕ್ಕೋ ಉತ್ತರ ಹೇಳುವವರು ಇರುತ್ತಿರಲಿಲ್ಲ.

ಅದೇ ಸ್ಕಾಟ್ಲೆಂಡಿನ ಕ್ಯಾಲೆಂಡರ್ ಎಂಬ ಸಣ್ಣ ಊರಿನ ಸೀಮೆಯಲ್ಲಿ ಹುಟ್ಟಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಎಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದನು. ಬೆಳೆ, ಕೆರೆ, ಮಗ್ಗ, ಸಂತೆ ಯಾವುದನ್ನೂ ಬಿಡದೆ ಬರೆದುಕೊಂಡನು. 1807ರಲ್ಲಿ ಅದು ಮೂರು ಸಂಪುಟಗಳಾಗಿ ಹೊರಬಂದಿತು. ನಮ್ಮ ಹಳ್ಳಿಗಳನ್ನು ಕುರಿತು ಹೊರಗಿನವನೊಬ್ಬನು ಅಷ್ಟು ಶ್ರದ್ಧೆಯಿಂದ ಬರೆದಿಟ್ಟಮೇಲೆ, ಅಲ್ಲೇ ವಾಸವಾಗಿರುವ ನಾವು ಅಷ್ಟಾದರೂ ಮಾಡಬಾರದೇಕೆ?

ಇನ್ನು ಬಾಗಲಗುಂಟೆಗೆ ಬರೋಣ. ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೊರಟು ಯಶವಂತಪುರ, ಗೊರಗುಂಟೆಪಾಳ್ಯ, ಪೀಣ್ಯಗಳನ್ನು ದಾಟಿದರೆ ದಾಸರಹಳ್ಳಿ ಸಿಕ್ಕುತ್ತದೆ. ಅಲ್ಲಿಂದ ಉತ್ತರಕ್ಕೆ ಹೆಸರಘಟ್ಟದ ಕಡೆಗೆ ಒಂದು ರಸ್ತೆ ಕವಲೊಡೆಯುತ್ತದೆ. ಆ ರಸ್ತೆಯ ಮಗ್ಗುಲಲ್ಲಿ, ಮಲ್ಲಸಂದ್ರದ ನೆರೆಯಲ್ಲಿ ಇರುವುದೇ ಬಾಗಲಗುಂಟೆ. ಈ ಕವಲಿನ ಸುತ್ತಲಿನ ಜಾಗವನ್ನು ಜನರು ಇಂದಿಗೂ ಎಂಟನೇ ಮೈಲಿ ಎಂದೇ ಕರೆಯುತ್ತಾರೆ. ಮೈಲಿಗಳ ಲೆಕ್ಕ ಹೋಗಿ ಕಿಲೋಮೀಟರು ಬಂದು ಅರ್ಧ ಶತಮಾನಕ್ಕೂ ಮೇಲಾಯಿತು. ಮೈಲಿಗಲ್ಲು ಮಾತ್ರ ಜನರ ಬಾಯಲ್ಲಿ ನಿಂತಿದೆ.

ಈ ಸೀಮೆಯ ನೆಲ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಕೆಳಗಿರುವುದು ಭೂಮಿಯ ಅತಿ ಪ್ರಾಚೀನವಾದ ಶಿಲೆಗಳಲ್ಲಿ ಒಂದಾದ ನೈಸ್. ಅದರ ಮೇಲೆ ಕೆಮ್ಮಣ್ಣಿನ ಹೊದಿಕೆ. ವರ್ಷಕ್ಕೆ ಮೂವತ್ತಾರರಿಂದ ನಲವತ್ತು ಅಂಗುಲದಷ್ಟು ಮಳೆ. ಹತ್ತಿರದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಬೆಂಗಳೂರಿನ ನೆಲವು ಉತ್ತರದಿಂದ ದಕ್ಷಿಣಕ್ಕೆ ಹಾಯುವ ಒಂದು ದಿಣ್ಣೆಯ ಬೆನ್ನಿನಂತಿದೆ. ಅದರ ಪೂರ್ವಕ್ಕೆ ಬಿದ್ದ ಮಳೆ ದಕ್ಷಿಣ ಪಿನಾಕಿನಿಯ ಪಾಲು, ಪಶ್ಚಿಮಕ್ಕೆ ಬಿದ್ದದ್ದು ಅರ್ಕಾವತಿಯ ಪಾಲು. ಬಾಗಲಗುಂಟೆಯ ಸೀಮೆ ಪಶ್ಚಿಮದ ಇಳಿಜಾರಿನಲ್ಲಿದೆ. ಅಲ್ಲಿನ ಅಂಗಳದಲ್ಲಿ ಬಿದ್ದ ಹನಿ, ತಡೆಯುವವರಿಲ್ಲದಿದ್ದರೆ, ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯೊಡನೆ ಬೆರೆಯತಕ್ಕದ್ದು. ಆ ಹನಿಯನ್ನು ತಡೆದು ನಿಲ್ಲಿಸುವುದೇ ನಮ್ಮ ಹಿರಿಯರ ಬದುಕಿನ ಮುಖ್ಯ ವಿದ್ಯೆಯಾಗಿತ್ತು.

ಈ ವಿದ್ಯೆಯ ಸಾಕ್ಷ್ಯವನ್ನು ಶಾಸನಗಳಲ್ಲಿ ಹುಡುಕುವ ಮೊದಲು ಊರ ಹೆಸರುಗಳಲ್ಲಿ ನೋಡಬಹುದು. ಬಾಗಲಗುಂಟೆಯ ಕೊನೆಯ ಭಾಗ ಕುಂಟೆ. ಮಳೆ, ಕಾಲ ಎಂಬೆರಡು ಪದ ಸೇರಿ ಮಳೆಗಾಲವಾಗುವಂತೆ, ಸಮಾಸದಲ್ಲಿ ಕಕಾರಕ್ಕೆ ಗಕಾರ ಬಂದು ಅದು ಗುಂಟೆಯಾಗಿದೆ. ಕುಂಟೆಯೆಂದರೆ ರೈತನು ಹೊಲದಲ್ಲಿ ಹೊಡೆಯುವ ಒಂದು ಸಾಧನವೂ ಹೌದು. ಊರ ಹೆಸರಿನ ಕೊನೆಯಲ್ಲಿ ಬಂದಾಗ ಮಾತ್ರ ಅದಕ್ಕೆ ಸಾಮಾನ್ಯವಾಗಿ ನೀರಿನ ಸಣ್ಣ ಹೊಂಡವೆಂದೇ ಅರ್ಥ. ತೆಲುಗಿನ ಕುಂಟ ಎಂಬ ಮಾತೂ ಇದೇ ಅರ್ಥದ್ದು. ಹೆಸರಿನ ಮೊದಲ ಭಾಗ ಬಾಗಿಲು ಎಂಬುದರ ಆಡುರೂಪವೆಂದು ತೋರುತ್ತದೆ. ಹಾಗಾದರೆ ಊರ ಬಾಗಿಲಲ್ಲಿದ್ದ ಕುಂಟೆಯೇ ಊರಿಗೆ ಹೆಸರಾಯಿತೆನ್ನಬೇಕು. ಇದೇ ರಸ್ತೆಯ ಗೊರಗುಂಟೆಪಾಳ್ಯದಲ್ಲಿಯೂ ಕುಂಟೆ ಅಡಗಿದೆ. ಸುತ್ತಣ ಊರುಗಳನ್ನು ಎಣಿಸಿ ನೋಡಿರಿ: ಮಲ್ಲಸಂದ್ರ, ನಾಗಸಂದ್ರ, ಚೊಕ್ಕಸಂದ್ರ. ಸಂದ್ರವೆಂಬುದು ಸಮುದ್ರದ ತದ್ಭವ. ದೊಡ್ಡ ಕೆರೆಗೆ ಸಮುದ್ರವೆಂದೂ ಸಾಗರವೆಂದೂ ಹೆಸರಿಡುವುದು ನಮ್ಮಲ್ಲಿ ಹಳೆಯ ರೂಢಿ. ಇನ್ನೂ ಸ್ವಲ್ಪ ಮುಂದೆ ಹೋದರೆ ಅಬ್ಬಿಗೆರೆ. ಅದರಲ್ಲಿ ಕೆರೆಯೇ ಇದೆ. ಹೊಳೆಯಿಲ್ಲದ ಈ ಸೀಮೆಯಲ್ಲಿ ಇಷ್ಟು ಸಮುದ್ರಗಳು ಎಲ್ಲಿಂದ ಬಂದುವು? ಅವು ದೇವರು ಕೊಟ್ಟವಲ್ಲ. ಮನುಷ್ಯರು ಗುದ್ದಲಿ ಹಿಡಿದು ಕಟ್ಟಿಕೊಂಡವು.

ಇವುಗಳ ರಚನೆಯನ್ನು ಸ್ವಲ್ಪ ವಿವರಿಸಬೇಕು. ಇಳಿಜಾರಿನ ನೆಲಕ್ಕೆ ಅಡ್ಡಲಾಗಿ ಮಣ್ಣಿನ ಏರಿಯನ್ನು ಹಾಕುತ್ತಿದ್ದರು. ಏರಿಯ ಒಂದೆಡೆ ತೂಬು. ಅದರಿಂದ ಕೆಳಗಿನ ಅಚ್ಚುಕಟ್ಟಿಗೆ ನೀರು. ಏರಿಯ ಕೊನೆಯಲ್ಲಿ ಕೋಡಿ. ಕೆರೆ ತುಂಬಿದಾಗ ಹೆಚ್ಚಿದ ನೀರು ಅಲ್ಲಿಂದ ಹರಿದು ಕಾಲುವೆಯ ಮೂಲಕ ಮುಂದಿನ ಊರಿನ ಕೆರೆಗೆ ಹೋಗುತ್ತಿತ್ತು. ಹೀಗೆ ಒಂದು ಊರಿನ ಕೋಡಿ ಮತ್ತೊಂದು ಊರಿನ ಭಾಗ್ಯವಾಗಿತ್ತು. ಕುಂಟೆಯಾದರೋ ಇದಕ್ಕಿಂತ ಚಿಕ್ಕದು. ಅದಕ್ಕೆ ತೂಬೂ ಇಲ್ಲ, ಅಚ್ಚುಕಟ್ಟೂ ಇಲ್ಲ. ದನಕರುಗಳು ಕುಡಿಯುವುದು, ಅಗಸರು ಬಟ್ಟೆ ಒಗೆಯುವುದು, ಸುತ್ತಣ ಬಾವಿಗಳಿಗೆ ಜಲ ಊರುವುದು, ಇಷ್ಟೇ ಅದರ ಕೆಲಸ. ಆದರೂ ಬೇಸಿಗೆಯಲ್ಲಿ ಊರು ನಿಲ್ಲುವುದೋ ಗುಳೆ ಹೋಗುವುದೋ ಎಂಬುದು ಎಷ್ಟೋ ವೇಳೆ ಇಂಥ ಕುಂಟೆಯ ಮೇಲೆಯೇ ನಿಂತಿತ್ತು.

ಈ ವ್ಯವಸ್ಥೆಯನ್ನು ನಡೆಸುವುದಕ್ಕೆ ಜನರೂ ನೇಮಕವಾಗಿದ್ದರು. ಪಟೇಲನು ಕಂದಾಯ ವಸೂಲಿ ಮಾಡುವನು. ಶಾನುಭೋಗನು ಲೆಕ್ಕ ಬರೆಯುವನು. ತಳವಾರ ಮತ್ತು ತೋಟಿಯರು ಊರನ್ನು ಕಾಯುವರು. ನೀರುಗಂಟಿಯು ತೂಬನ್ನೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ನಿರ್ಣಯಿಸುವನು. ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ಮೂರು ಬಗೆಯಾಗಿ ವಿಂಗಡಿಸಿದ್ದರು. ಖುಷ್ಕಿಯಲ್ಲಿ ರಾಗಿ, ಅದರ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು; ತರಿಯಲ್ಲಿ ಬತ್ತ; ಬಾಗಾಯ್ತಿನಲ್ಲಿ ತೆಂಗು, ತರಕಾರಿ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅದರ ಹೂಳನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದರು. ಇದರಿಂದ ಹೊಲಕ್ಕೆ ಸತ್ತ್ವ ಬರುತ್ತಿತ್ತು, ಕೆರೆಗೆ ಆಳ ಬರುತ್ತಿತ್ತು. ಈ ಬಾಳನ್ನು ನಾನು ಹೊಗಳಿ ಹಾಡಬೇಕೆಂದಿಲ್ಲ. ಜಾತಿಯ ಕಟ್ಟು ಬಾವಿಯ ಕಟ್ಟೆಯವರೆಗೂ ಬಂದಿತ್ತು. ಕೆರೆಯ ಏರಿಗೆ ಮಣ್ಣು ಹೊತ್ತವರೆಲ್ಲರಿಗೂ ಅದರ ನೀರಿನಲ್ಲಿ ಸಮಪಾಲು ದೊರೆಯುತ್ತಿರಲಿಲ್ಲ. ಇದನ್ನು ಮರೆತು ಬರೆದ ಗ್ರಾಮಚರಿತ್ರೆ ಅರ್ಧ ಚರಿತ್ರೆ ಮಾತ್ರ.

ರಾಜಕೀಯ ಚರಿತ್ರೆಯನ್ನು ಸಂಕ್ಷೇಪವಾಗಿ ಮುಗಿಸಬಹುದು. ಈ ಸೀಮೆ ಗಂಗರ, ಚೋಳರ, ಹೊಯ್ಸಳರ, ವಿಜಯನಗರದವರ ಆಳ್ವಿಕೆಯನ್ನು ಕಂಡಿತು. ಯಲಹಂಕನಾಡಿನ ಪ್ರಭುಗಳಾದ ಕೆಂಪೇಗೌಡರ ವಂಶದವರಿಗೆ ಸೇರಿತ್ತು. 1638ರಲ್ಲಿ ಬಿಜಾಪುರದವರ ಕೈಗೂ, 1687ರಲ್ಲಿ ಮೊಗಲರ ಕೈಗೂ ಬಿದ್ದು, ಅವರಿಂದ ಚಿಕ್ಕದೇವರಾಜ ಒಡೆಯರಿಗೆ ಬಂದಿತು. ಹಳ್ಳಿಯವನಿಗೆ ಇದರಿಂದ ಆದ ವ್ಯತ್ಯಾಸವೆಂದರೆ ಕಂದಾಯ ಹೋಗುವ ದಿಕ್ಕು ಬದಲಾದದ್ದು. ದಂಡು ಹಾದುಹೋದ ವರ್ಷ, ಕೆರೆ ಒಡೆದ ವರ್ಷ, ಮಳೆ ಹೋದ ವರ್ಷ, ಇವು ಅವನ ಶಕವರ್ಷಗಳು. ಅವುಗಳಲ್ಲೆಲ್ಲ ಘೋರವಾದದ್ದು 1876ರಿಂದ 78ರವರೆಗಿನ ಮಹಾಕ್ಷಾಮ. ಮೈಸೂರು ಸಂಸ್ಥಾನ ಆ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು.

ಆ ಕ್ಷಾಮದ ಅನಂತರ ಹೊಸ ಯುಗವೊಂದು ಈ ಸೀಮೆಯ ಪಕ್ಕದಲ್ಲಿಯೇ ಹಾದುಹೋಯಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುದಾರಿ ತೆರೆಯಿತು. ಹತ್ತಿರದ ನಿಲ್ದಾಣ ಚಿಕ್ಕಬಾಣಾವರ. 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಹೆಸರಘಟ್ಟದ ಬಳಿ ಅರ್ಕಾವತಿಗೆ ಕಟ್ಟೆ ಹಾಕಿ ಬೆಂಗಳೂರಿಗೆ ನಲ್ಲಿಯ ನೀರನ್ನು ತಂದರು. ಆ ನೀರು ಸೋಲದೇವನಹಳ್ಳಿಗೆ ಹರಿದು ಬಂದು, ಅಲ್ಲಿ ಯಂತ್ರದಿಂದ ಮೇಲೇರಿ, ಈ ಸೀಮೆಯನ್ನು ಹಾಯ್ದು ಮಲ್ಲೇಶ್ವರದ ಶೋಧನಾಗಾರವನ್ನು ಸೇರುತ್ತಿತ್ತು. ಇದರ ಅರ್ಥವನ್ನು ಸ್ವಲ್ಪ ಯೋಚಿಸಿರಿ. ಅದುವರೆಗೆ ಪ್ರತಿಯೊಂದು ಊರೂ ತನ್ನ ಮಳೆಯನ್ನು ತಾನು ಹಿಡಿದಿಟ್ಟುಕೊಂಡು ಬಾಳುತ್ತಿತ್ತು. ಪಟ್ಟಣವು ಮೊತ್ತಮೊದಲು ಹನ್ನೊಂದು ಮೈಲಿ ದೂರದ ನೀರನ್ನು ತನ್ನ ಮನೆಗೆ ಕರೆಯಿತು. ದೂರದ ನೀರು ಬಂದಮೇಲೆ ಹತ್ತಿರದ ಕೆರೆಯ ಮೇಲಿನ ಅಕ್ಕರೆ ಕಡಮೆಯಾಯಿತು. 1925ರಲ್ಲಿ ಹೆಸರಘಟ್ಟವೇ ಬತ್ತಿತು. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯ ಬಂದಿತು. 1974ರಲ್ಲಿ ಅರುವತ್ತು ಮೈಲಿಯಾಚೆಯಿಂದ ಕಾವೇರಿ ಬಂದಳು. ಬಾಗಲಗುಂಟೆಯ ಅಂಗಳದಿಂದ ಹರಿದುಹೋದ ಮಳೆ ಕಾವೇರಿಯನ್ನು ಸೇರುವುದು, ಅದೇ ಕಾವೇರಿಯನ್ನು ಸಾವಿರ ಅಡಿಗೂ ಹೆಚ್ಚು ಮೇಲಕ್ಕೆತ್ತಿ ಮತ್ತೆ ಬೆಂಗಳೂರಿಗೆ ತರುವುದು! ನಮ್ಮ ಹಿರಿಯರು ಇದನ್ನು ಕೇಳಿದ್ದರೆ ಒಗಟೆಂದು ತಿಳಿಯುತ್ತಿದ್ದರು.

ಹೀಗೆ ಬಳಿಯಲ್ಲಿಯೇ ಹಾದುಹೋಗುತ್ತಿದ್ದ ಪಟ್ಟಣವು ಬಳಿಕ ತಾನೇ ಬಂದು ನೆಲಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಾಲಹಳ್ಳಿಯ ಬಯಲಿನಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳು ಎದ್ದುವು. ಸ್ವಾತಂತ್ರ್ಯದ ಬಳಿಕ ಅಲ್ಲಿಯೇ 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. 1970ರ ದಶಕದಲ್ಲಿ ಪೀಣ್ಯದ ಹೊಲಗಳು ಕೈಗಾರಿಕಾ ಪ್ರದೇಶವಾದುವು. ಭಾರತದ ಮೊದಲ ಉಪಗ್ರಹವಾದ ಆರ್ಯಭಟವು ಸಿದ್ಧವಾದದ್ದು ಈ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿಯೇ, ಯು. ಆರ್. ರಾವ್ ಅವರ ನೇತೃತ್ವದಲ್ಲಿ ತಯಾರಾಗಿ ಅದು 1975ರ ಏಪ್ರಿಲ್ 19ರಂದು ಆಕಾಶಕ್ಕೇರಿತು. ರಾಗಿಯ ಹೊಲಗಳಿದ್ದ ಸೀಮೆಯಿಂದ ಉಪಗ್ರಹ ಹೊರಟಿತೆಂಬುದು ಹೆಮ್ಮೆಯ ವಿಷಯವೇ ಸರಿ. ಸಾವಿರಾರು ಕುಟುಂಬಗಳಿಗೆ ಇಲ್ಲಿಯ ಕಾರ್ಖಾನೆಗಳು ಅನ್ನ ಕೊಟ್ಟುವು. ಜೊತೆಗೆ ಲೋಹಲೇಪನ ಮೊದಲಾದ ಉದ್ಯಮಗಳ ಕಲುಷಿತ ನೀರು ನೆಲಕ್ಕಿಳಿದು, ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಎಂಬ ವಿಷವಸ್ತು ಕಾಣಿಸಿಕೊಂಡಿತು. ಎರಡನ್ನೂ ಒಂದೇ ಪುಟದಲ್ಲಿ ಬರೆಯುವುದು ಚರಿತ್ರಕಾರನ ಧರ್ಮ.

ಕಾರ್ಖಾನೆಗಳಿಗೆ ಬಂದ ಜನರಿಗೆ ಮನೆ ಬೇಕಾಯಿತು; ಬಾಗಲಗುಂಟೆಯ ಹೊಲಗಳು ಬಡಾವಣೆಗಳಾದುವು. ಈ ಬಡಾವಣೆಗಳ ಹೆಸರನ್ನು ಗಮನಿಸಿರಿ: ಎಂ.ಇ.ಐ. ಬಡಾವಣೆ, ಕಿರ್ಲೋಸ್ಕರ್ ಬಡಾವಣೆ, ಡಿಫೆನ್ಸ್ ಕಾಲೊನಿ. ಎಂ.ಇ.ಐ. ಎಂಬುದು 1945ರಲ್ಲಿ ಸ್ಥಾಪಿತವಾದ ಮೈಸೂರು ಎಲೆಕ್ಟ್ರಿಕಲ್ ಇಂಡಸ್ಟ್ರೀಸ್. ಈಗ ನನ್ನ ಮಾತಿನ ಮುಖ್ಯಾಂಶಕ್ಕೆ ಬಂದಂತಾಯಿತು. ಈ ಸೀಮೆಯ ಹೆಸರುಗಳಲ್ಲಿ ಮೂರು ಪದರಗಳಿವೆ. ಅತ್ಯಂತ ಕೆಳಗಿನದು ನೀರಿನ ಪದರ: ಕುಂಟೆ, ಕೆರೆ, ಸಂದ್ರ. ಅದರ ಮೇಲೆ ದಾರಿಯ ಪದರ: ಎಂಟನೇ ಮೈಲಿ. ಎಲ್ಲಕ್ಕೂ ಮೇಲೆ ಕಾರ್ಖಾನೆಯ ಪದರ. ಜನರು ಯಾವುದನ್ನು ನಂಬಿ ಬದುಕಿದರೋ ಅದನ್ನೇ ಊರಿಗೆ ಹೆಸರಾಗಿ ಇಟ್ಟರು. ಭೂಗರ್ಭಶಾಸ್ತ್ರಜ್ಞನು ಕಲ್ಲಿನ ಪದರಗಳನ್ನು ಓದುವಂತೆ, ಒಂದು ಊರಿನ ಸುತ್ತಣ ಹೆಸರುಗಳನ್ನು ಓದಿದರೆ ಅದರ ಚರಿತ್ರೆ ತಾನಾಗಿ ಮುಂದೆ ನಿಲ್ಲುತ್ತದೆ.

ಇದರಲ್ಲಿ ಒಂದು ವಿನೋದವೂ ಇದೆ. ಗುಂಟೆಯೆಂದರೆ ಇಂದಿನವರಿಗೆ ತಿಳಿಯುವುದು ನೆಲದ ಅಳತೆ. ಎಕರೆಯ ನಲವತ್ತನೆಯ ಒಂದು ಭಾಗ, ಸಾವಿರದ ಎಂಬತ್ತೊಂಬತ್ತು ಚದರಡಿ. ಮೂವತ್ತು-ನಲವತ್ತರ ಒಂದು ನಿವೇಶನ ಅದಕ್ಕಿಂತ ಸ್ವಲ್ಪವೇ ದೊಡ್ಡದು. ನೀರಿನ ಕುಂಟೆಯಿಂದ ಹೆಸರು ಪಡೆದ ಊರು ನೆಲದ ಗುಂಟೆಯ ಲೆಕ್ಕದಲ್ಲಿ ಮಾರಾಟವಾಗಿ ಹೋಯಿತು! ಮಾತು ಹಾಗೆಯೇ ಉಳಿದು ಅರ್ಥ ಬದಲಾಯಿತು. ಅರ್ಥದೊಡನೆ ಬಾಳೂ ಬದಲಾಯಿತು.

ಆಡಳಿತವೂ ಬದಲಾಗುತ್ತ ಬಂದಿತು. 1961ರ ಗ್ರಾಮಹುದ್ದೆಗಳ ರದ್ದತಿಯ ಕಾಯಿದೆಯಿಂದ ವಂಶಪಾರಂಪರ್ಯದ ಪಟೇಲ ಶಾನುಭೋಗರು ಹೋದರು. 2007ರಲ್ಲಿ ದಾಸರಹಳ್ಳಿಯ ನಗರಸಭೆಯ ಸೀಮೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಆಮೇಲೆ ಬಾಗಲಗುಂಟೆಯ ಹೆಸರಿನಲ್ಲಿಯೇ ಒಂದು ವಾರ್ಡ್ ಆಯಿತು. 2025ರಲ್ಲಿ ಆ ಪಾಲಿಕೆಯ ಬದಲು ಐದು ನಗರಪಾಲಿಕೆಗಳೂ ಅವುಗಳ ಮೇಲೆ ಒಂದು ಪ್ರಾಧಿಕಾರವೂ ಬಂದುವು. 2015ರಲ್ಲಿ ಮೆಟ್ರೋ ರೈಲು ನಾಗಸಂದ್ರದವರೆಗೆ ಬಂದಿತು, 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮುಂದುವರಿಯಿತು. ಇಷ್ಟೆಲ್ಲ ಬಂದಿತು, ನೀರುಗಂಟಿಯ ಕೆಲಸವನ್ನು ಮಾತ್ರ ಯಾರೂ ವಹಿಸಿಕೊಳ್ಳಲಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆಯೆಂದು ಸರ್ಕಾರವೇ ಪ್ರಕಟಿಸಿತು. ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾಯುವುದು, ಮಳೆಗಾಲದಲ್ಲಿ ನೆಲಮಾಳಿಗೆಗೆ ನುಗ್ಗಿದ ನೀರನ್ನು ಎತ್ತಿ ಹಾಕುವುದು, ಎರಡೂ ಒಂದೇ ರೋಗದ ಲಕ್ಷಣಗಳು. ಕೋಡಿಯ ದಾರಿಯನ್ನು ಮುಚ್ಚಿದರೆ ನೀರು ಬೇರೆ ದಾರಿಯನ್ನು ಹುಡುಕಿಕೊಳ್ಳುತ್ತದೆ.

ಹಳೆಯದನ್ನೆಲ್ಲ ಮರಳಿ ತರಲಾಗುವುದೇ ಎಂದು ನೀವು ಕೇಳಬಹುದು. ಆಗುವುದಿಲ್ಲ, ತರಬೇಕಾಗಿಯೂ ಇಲ್ಲ. ಆದರೆ ಎಲ್ಲಿ ಏನಿತ್ತೆಂಬುದನ್ನು ತಿಳಿದಿರುವುದು ಅವಶ್ಯಕ. ಇಲ್ಲದಿದ್ದರೆ ಏನಾಗುವುದೆಂಬುದಕ್ಕೆ ಬೆಂಗಳೂರಿನಲ್ಲಿಯೇ ಸಾಕ್ಷಿಯಿದೆ. ಕಾಡುಮಲ್ಲೇಶ್ವರದ ದೇವಾಲಯದ 1669ರ ಶಾಸನವು, ಶಿವಾಜಿಯ ತಮ್ಮನಾದ ಏಕೋಜಿಯು ಆ ದೇವರಿಗೆ ಮೇದರನಿಂಗನಹಳ್ಳಿಯೆಂಬ ಗ್ರಾಮವನ್ನು ದತ್ತಿ ಬಿಟ್ಟುದನ್ನು ಹೇಳುತ್ತದೆ. ಇಂದು ಆ ಹೆಸರಿನ ಊರಿಗೆ ದಾರಿ ತೋರಿಸುವವರು ಯಾರೂ ಸಿಕ್ಕುವುದಿಲ್ಲ. ಅಲ್ಲಿಯೂ ಒಂದು ಕೆರೆಯಿದ್ದಿರಬೇಕು, ಗ್ರಾಮದೇವತೆಯ ಗುಡಿಯಿದ್ದಿರಬೇಕು, ಕೋಡಿ ಬಿದ್ದ ವರ್ಷದ ಸಂತೋಷವಿದ್ದಿರಬೇಕು. ಕಲ್ಲಿನ ಮೇಲಿನ ಹೆಸರೊಂದನ್ನು ಬಿಟ್ಟರೆ ಮಿಕ್ಕುದೆಲ್ಲ ಹೋಯಿತು.

ಬಾಗಲಗುಂಟೆಗೆ ಹಾಗಾಗಬೇಕಾಗಿಲ್ಲ. ಅದರ ಚರಿತ್ರೆಗೆ ಬೇಕಾದ ಸಾಮಗ್ರಿ ಇನ್ನೂ ಉಳಿದಿದೆ. ಕಂದಾಯ ಇಲಾಖೆಯ ಗ್ರಾಮನಕಾಶೆಯಲ್ಲಿ ಪ್ರತಿಯೊಂದು ಸರ್ವೆ ನಂಬರೂ, ಕೆರೆ ಕುಂಟೆಗಳೂ, ಕಾಲುವೆಯೂ, ಬಂಡಿದಾರಿಯೂ ಗುರುತಾಗಿರುತ್ತವೆ. ಸಾರ್ವಜನಿಕ ಉಪಯೋಗಕ್ಕಾಗಿ ಬಿಟ್ಟ ಇಂಥ ನೆಲವನ್ನು ಬ ಖರಾಬು ಎಂದು ಕರೆಯುತ್ತಾರೆ. ಅದು ಯಾರ ಸ್ವತ್ತೂ ಅಲ್ಲದುದರಿಂದ ಎಲ್ಲರ ಸ್ವತ್ತು. ಸರ್ಕಾರದವರ ದಿಶಾಂಕ್ ಎಂಬ ಆ್ಯಪಿನಲ್ಲಿ, ನಾವು ನಿಂತ ನೆಲದ ಸರ್ವೆ ನಂಬರನ್ನು ಕೈಯಲ್ಲಿರುವ ಫೋನಿನಲ್ಲಿಯೇ ನೋಡಬಹುದು. ನಕಾಶೆಯಲ್ಲಿಲ್ಲದ್ದು ಹಿರಿಯರ ನೆನಪಿನಲ್ಲಿದೆ. ಯಾವ ಹೊಲಕ್ಕೆ ಏನೆಂದು ಕರೆಯುತ್ತಿದ್ದರು? ಕುಂಟೆಯ ನೀರು ಯಾವ ತಿಂಗಳವರೆಗೆ ನಿಲ್ಲುತ್ತಿತ್ತು? ಕೋಡಿಯ ನೀರು ಯಾವ ಬೀದಿಯಲ್ಲಿ ಹಾದು ಎಲ್ಲಿಗೆ ಹೋಗುತ್ತಿತ್ತು? ಯಾರ ಬಾವಿಯಲ್ಲಿ ಯಾರು ನೀರು ಸೇದಬಹುದಾಗಿತ್ತು, ಯಾರು ಸೇದುವಂತಿರಲಿಲ್ಲ? ಮೊದಲ ನಿವೇಶನ ಮಾರಾಟವಾದದ್ದು ಯಾವಾಗ, ಕಡೆಯ ರಾಗಿಯ ಬೆಳೆ ಕೊಯ್ದದ್ದು ಯಾವಾಗ? ಸಿಂಕ್ಲೇರನ ನೂರ ಅರುವತ್ತು ಪ್ರಶ್ನೆಗಳು ನಮಗೆ ಬೇಕಾಗಿಲ್ಲ; ಈ ಐದಾರಕ್ಕೆ ಉತ್ತರ ದೊರೆತರೆ ಸಾಕು.

ಈ ಕೆಲಸಕ್ಕೆ ವಿದ್ವಾಂಸರೇ ಬರಬೇಕೆಂಬ ನಿಯಮವಿಲ್ಲ. ಶಾಲೆಯ ಉಪಾಧ್ಯಾಯರೊಬ್ಬರು ತಮ್ಮ ತರಗತಿಯ ಮಕ್ಕಳಿಗೆ ಒಂದೊಂದು ಪ್ರಶ್ನೆಯನ್ನು ಹಂಚಿಕೊಟ್ಟು, ಎರಡು ತಿಂಗಳಲ್ಲಿ ಉತ್ತರ ತರಿಸಬಹುದು. ಹೊಸ ಬಡಾವಣೆಯ ಸಂಘದವರು ಹಳೆಯ ಊರಿನ ನಾಲ್ಕು ಮಂದಿ ಹಿರಿಯರನ್ನು ಕರೆದು, ಅವರ ಮಾತನ್ನು ಬರೆದುಕೊಳ್ಳಬಹುದು. ಊರಿನವರೂ ಬಡಾವಣೆಯವರೂ ಒಂದೇ ಮಳೆಯ ಕೆಳಗೆ ಬಾಳುತ್ತಿದ್ದರೂ ಒಬ್ಬರನ್ನೊಬ್ಬರು ಅರಿಯದಿರುವುದು ಇಂಥ ಸೀಮೆಗಳ ದೊಡ್ಡ ಕೊರತೆ. ಈ ಕೆಲಸದಿಂದ ಅದೂ ಸ್ವಲ್ಪ ನೀಗೀತು.

ಎಚ್.ಎಂ.ಟಿ.ಯ ಗಡಿಯಾರದ ಕಂಪನಿ 2016ರಲ್ಲಿ ಮುಚ್ಚಿತು; ಎಚ್.ಎಂ.ಟಿ. ಎಂಬ ಹೆಸರಿನ ಬಡಾವಣೆಗಳು ಬೆಂಗಳೂರಿನಲ್ಲಿ ಉಳಿದಿವೆ. ನೀರನ್ನು ನಂಬಿದವರ ಹೆಸರುಗಳಂತೆ, ಕಾರ್ಖಾನೆಯನ್ನು ನಂಬಿದವರ ಹೆಸರುಗಳೂ ಒಂದು ದಿನ ಅರ್ಥವನ್ನು ಕಳೆದುಕೊಂಡು ಬರಿಯ ಸದ್ದಾಗಿ ನಿಲ್ಲಬಹುದು. ಮುಂದಿನ ಪೀಳಿಗೆಯವರು ಆಗ ಕೇಳುತ್ತಾರೆ: ಇಲ್ಲಿ ಇದ್ದವರು ಯಾರು, ಏನು ಮಾಡುತ್ತಿದ್ದರು, ಈ ಹೆಸರು ಏತಕ್ಕೆ? ಅವರಿಗೆ ಉತ್ತರವನ್ನು ಬರೆದಿಡತಕ್ಕವರು ಈಗ ಅಲ್ಲಿ ವಾಸವಾಗಿರುವವರೇ. ಬಾಗಲಗುಂಟೆಯಲ್ಲಿ ಆ ಕೆಲಸ ಆರಂಭವಾದರೆ ಮಲ್ಲಸಂದ್ರದವರೂ ಅಬ್ಬಿಗೆರೆಯವರೂ ಸುಮ್ಮನಿರಲಾರರು. ಮೇಲಿನ ಕೆರೆ ತುಂಬಿದರೆ ಕೆಳಗಿನದಕ್ಕೆ ನೀರು ಬಂದೇ ಬರುತ್ತದೆ.